ಅರ್ಧ ಗಿಳಿ

ಮಧುರೆ
೧೯೪೬ ಫೆಬ್ರವರಿ ೬

ನಲ್ಲೂರಿನಲ್ಲಿರುವ ರಾಮಾಂಜಿನಪ್ಪನವರ ಮನೆಯವರಿಗೆ, ಮಧುರೆ ವೆಂಕಟರಾಯಪ್ಪನವರ ಮನೆಯಿಂದ ವರಲಕ್ಷ್ಮಮ್ಮ ಬರೆಸುವುದು.

ನಾವು ಇಲ್ಲಿ ಚೆನ್ನಾಗಿದ್ದೇವೆ. ನೀನು ಅಲ್ಲಿ ಚೆನ್ನಾಗಿದ್ದೀಯೆಂದು ಬಳೆಗಾರನ ಬಾಯಲ್ಲಿ ಕೇಳಿದ್ದೇನೆ, ಆದ್ದರಿಂದ ಮತ್ತೆ ಕೇಳುವುದಿಲ್ಲ. ಹನ್ನೊಂದು ವರ್ಷದ ಮೇಲೆ ಓರಗಿತ್ತಿಗೆ ಕಾಗದ ಬರೆಸುತ್ತಿರುವುದು ಪ್ರೀತಿ ಉಕ್ಕಿ ಬಂದು ಅಲ್ಲ. ಸಕ್ಕರೆ ಅಚ್ಚಿನ ಸಲುವಾಗಿ.

ನಮ್ಮ ಗಂಗಲಕ್ಷ್ಮಮ್ಮನಿಗೆ ಹೊಸಕೋಟೆಯ ಕಡೆ ಗಂಡು ಗೊತ್ತಾಗಿದೆ. ವೈಶಾಖದಲ್ಲಿ ಮದುವೆ, ನಮ್ಮ ಮನೆಯ ಮುಂದೆಯೇ ಚಪ್ಪರ. ಹುಡುಗ ಒಳ್ಳೆಯವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ಅಜ್ಜಿ ಮುತ್ಯಾಲಮ್ಮನವರೇ ಆಡಿಬಿಡುತ್ತಾರೆ. ಆ ಅಜ್ಜಿ ಮೂವತ್ತು ವರ್ಷದ ಹಿಂದೆ ನಮ್ಮ ಮನೆಯ ಮದುವೆಯೊಂದಕ್ಕೆ ಬಂದಿದ್ದರಂತೆ. ಆಗ ನಮ್ಮ ಅತ್ತೆ ತಾಂಬೂಲದ ಜೊತೆ ಪ್ರತಿಯೊಬ್ಬರಿಗೂ ಒಂದು ಸಕ್ಕರೆ ಗಿಳಿ ಕೊಟ್ಟಿದ್ದರಂತೆ. ತಿನ್ನಲು ಮನಸ್ಸು ಬಾರದೆ ಇವರು ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡರಂತೆ, ಕಡೆಗೆ ಇರುವೆ ತಿಂದವಂತೆ. ವೀಳ್ಯದ ದಿನ ಎಲ್ಲರ ಎದುರಿಗೆ ಅವರು ಹೇಳಿದ ಮಾತು ಇದು: "ಇರುವೆ ತಿಂದ ಗಿಳಿ ನಂಗೆ ವಾಪಸ್ ಬರ್ಬೇಕು ಕಣಮ್ಮ. ತಾಂಬೂಲದಾಗೆ ಆ ಗಿಳಿ ಇಲ್ದಿದ್ರೆ, ಇದು ಆ ಮನೆ ಮದ್ವೇನೆ ಅಂತ ನಾನೆಂಗೆ ಒಪ್ಕಳ್ಳಿ?"

ನಮ್ಮ ಮನೆಯವರು ಹಿಂದೆಮುಂದೆ ನೋಡದೆ "ಆಗ್ಲಿ ತಾಯಿ" ಅಂದುಬಿಟ್ಟರು. ಅಚ್ಚು ಅಟ್ಟದ ಮೇಲಿದೆ ಎಂಬುದು ಅವರಿಗೆ ನೆನಪಿದೆ, ಅರ್ಧವೇ ಇದೆ ಎಂಬುದು ನೆನಪಿಲ್ಲ.

ಆದ್ದರಿಂದ ನಿನ್ನ ಹತ್ತಿರ ಇರುವ ಎಡಗಡೆಯ ಏಳು ಅರ್ಧಗಳನ್ನು ಗೋಣಿತಾಟಿನಲ್ಲಿ ಕಟ್ಟಿ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಕಳಿಸುವುದು. ಮದುವೆ ಮುಗಿದ ಮೇಲೆ ವಾಪಸು ಕಳಿಸಲಾಗುವುದು. ಮದುವೆಯ ಕರೆಯೋಲೆ ಅಚ್ಚಾದ ಮೇಲೆ ಎಲ್ಲರಿಗೂ ಬರುವ ಹಾಗೆ ನಿನಗೂ ಬರುತ್ತದೆ.

ಇಷ್ಟೇ ವಿಷಯ.
ವರಲಕ್ಷ್ಮಮ್ಮ, ಎಡಗೈ ಹೆಬ್ಬೆಟ್ಟು

(ಬರೆದುಕೊಟ್ಟವನು ಇಲ್ಲಿನ ಶಾಲೆಯ ಉಪಾಧ್ಯಾಯ ನರಸಿಂಹಯ್ಯ. ಅಮ್ಮನವರು ತಮ್ಮ ಹೆಸರನ್ನು ಬರೆಸಲು ಒಪ್ಪಲಿಲ್ಲ. "ಅವಳು ನನಗಿಂತ ಎಂಟು ವರ್ಷಕ್ಕೆ ಸಣ್ಣೋಳು. ಅವಳನ್ನ ಅಕ್ಕಯಮ್ಮ ಅಂತ ನಾನ್ಯಾಕೆ ಅಕ್ಕ ಅನ್ಲಿ" ಎಂದರು. ಆದ್ದರಿಂದ ಮೇಲಿನ ವಿಳಾಸ ಹಾಗಾಗಿದೆ, ಮನ್ನಿಸಬೇಕು.)


ನಲ್ಲೂರು
೧೯೪೬ ಫೆಬ್ರವರಿ ೧೫

ಮಧುರೆಯ ಶ್ರೀಮತಿ ವರಲಕ್ಷ್ಮಮ್ಮನವರ ಸನ್ನಿಧಾನಕ್ಕೆ,

ಕಾಗದ ತಲುಪಿತು. ನನ್ನ ಹೆಸರು ನನ್ನ ತವರಿನವರು ಇಟ್ಟದ್ದು. ನಿಮ್ಮನ್ನು ಕೇಳಿ ಇಡಬೇಕಿತ್ತು ಎಂಬುದು ಆಗ ಅವರಿಗೆ ಹೊಳೆಯಲಿಲ್ಲ.

ಅಚ್ಚಿನ ವಿಷಯ. ಪಾಲಿನ ದಿನ ನಡೆದದ್ದು ನಿಮಗೆ ಮರೆತಿರಬಹುದು, ನಾನು ನೆನಪು ಮಾಡಿಕೊಡುತ್ತೇನೆ. ಹೊಲ ಹರಿದು ಹಂಚಾಯಿತು, ದನ ಹಂಚಾಯಿತು. ಒರಳು ನಿಮಗೆ ಬಂತು, ಒನಕೆ ನಮಗೆ ಬಂತು. ಕಡೆಗೆ ಅತ್ತೆಯ ಅಚ್ಚಿನ ಗಂಟು ಬಿಚ್ಚಿದಾಗ ನೀವೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮೂರು ಜೊತೆ ನಿಮಗೆ, ಮೂರು ಜೊತೆ ನನಗೆ ಎಂದರೂ ಏಳನೆಯದು ಗಿಳಿ, ಅದನ್ನು ಇಬ್ಬರೂ ಬಿಡಲೊಲ್ಲೆವು. ಪಂಚಾಯ್ತಿಗೆ ಕೂತಿದ್ದ ಅಪ್ಪಯ್ಯಣ್ಣನವರಿಗೆ ಹೊಟ್ಟೆ ಹಸಿದಿತ್ತು. "ನ್ಯಾಯ ಅಂದ್ರೆ ಸರಿ ಅರ್ಧ ಕಣ್ರವ್ವ" ಎಂದು ಏಳೂ ಜೊತೆಯ ದಾರ ಬಿಚ್ಚಿ, ಬಲಗಡೆಯ ಹೋಳೆಲ್ಲ ದೊಡ್ಡ ಸೊಸೆಗೆ, ಎಡಗಡೆಯ ಹೋಳೆಲ್ಲ ಸಣ್ಣ ಸೊಸೆಗೆ ಎಂದು ಎತ್ತಿಕೊಟ್ಟು ಊಟಕ್ಕೆ ಎದ್ದುಬಿಟ್ಟರು. ಎರಡು ಹೋಳು ಸೇರಿಸಿ ದಾರ ಸುತ್ತಿ ಪಾಕ ಹೊಯ್ದರೆ ತಾನೆ ಗಿಳಿ? ಅದು ಅಲ್ಲಿದ್ದ ಹನ್ನೆರಡು ಗಂಡಸರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ನಮಗಿಬ್ಬರಿಗೆ ತಿಳಿದಿತ್ತು, ನಾವು ಬಾಯಿ ಬಿಡಲಿಲ್ಲ.

ಈಗ ನನ್ನ ಪಾಲಿನ ಆನೆಯ ಹೋಳು ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆ ಕೂತಿದೆ. ತುಳಸಿಕಟ್ಟೆಯ ಹೋಳನ್ನು ನಮ್ಮ ಮನೆಯವರು ಬಾಗಿಲಿಗೆ ಒತ್ತು ಕೊಡುತ್ತಾರೆ. ಗಿಳಿ ಮಾತ್ರ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇದೆ. ಯಾಕೆ ಎಂದು ಕೇಳಬೇಡಿ.

ನನ್ನ ಅರ್ಧ ನಾನು ಕಳಿಸುವುದಿಲ್ಲ. ಬೇಕಾದರೆ ನಿಮ್ಮ ಅರ್ಧ ನೀವು ಕಳಿಸಿ, ಸಕ್ಕರೆಯನ್ನೂ ಕಳಿಸಿ. ನಾನು ಇಲ್ಲಿ ಗಿಳಿ ಮಾಡಿ ಹುಲ್ಲಿನಲ್ಲಿಟ್ಟು ಒಂದೂ ಮುರಿಯದಂತೆ ಕಳಿಸಿಕೊಡುತ್ತೇನೆ. ಪಾಕದ ಹದ ಅತ್ತೆ ನನಗೆ ಕಲಿಸಿದ್ದರು, ಅದನ್ನು ಅಪ್ಪಯ್ಯಣ್ಣನವರಿಗೆ ಹಂಚಲು ಆಗಲಿಲ್ಲ.

ನಮ್ಮ ಗಾಡಿ ಮಧುರೆ ಬಿಟ್ಟ ದಿನ ನೀವು ಆಡಿದ ಮಾತೂ ನನಗೆ ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೇಷ್ಟ್ರು ಓದಿ ಹೇಳುವಾಗ ನಿಮಗೆ ಮುಜುಗರವಾಗಬಾರದು.

ಗಂಗನ ಜಡೆ ಈಗ ಎಷ್ಟು ಉದ್ದ ಬಂದಿದೆ?

ತಮ್ಮ ಒಂದು ಕಾಲದ ಓರಗಿತ್ತಿ,
ಅಕ್ಕಯಮ್ಮ (ಕೊನೆಯ ಎರಡಕ್ಷರ ಮಾತ್ರ ಓದಿಕೊಳ್ಳಬಹುದು)


ಮಧುರೆ
೧೯೪೬ ಮಾರ್ಚ್ ೧

ನಲ್ಲೂರಿನವಳಿಗೆ,

ಹುಣಸೆಮರದ ಊರು ಸೇರಿ ನಿನ್ನ ನಾಲಿಗೆಯೂ ಹುಳಿಯಾಗಿದೆ. ನಿನ್ನ ಅರ್ಧ ನಿನ್ನ ಜಾಡಿಯ ಮೇಲೆಯೇ ಇರಲಿ, ನನಗೆ ಬೇಡ ಎಂದು ನಾನು ಬೇರೆ ದಾರಿ ಹಿಡಿದೆ. ಆ ದಾರಿಯ ಕಥೆ ಹೇಳದೆ ವಿಧಿಯಿಲ್ಲ, ಏಕೆಂದರೆ ಅದು ಈಗಾಗಲೇ ಹೊಸಕೋಟೆಯವರೆಗೂ ಗೊತ್ತಾಗಿದೆ.

ನಮ್ಮೂರ ಆಚಾರಿಯನ್ನು ಕರೆಸಿ ಗಿಳಿಯ ಬಲಗಡೆ ತೋರಿಸಿ, "ಇದಕ್ಕೆ ಸರಿಯಾಗಿ ಎಡಗಡೆ ಕೆತ್ತಿಕೊಡಪ್ಪ" ಎಂದೆ. ಅವನು ಜನ್ಮದಲ್ಲಿ ನೇಗಿಲು, ಗಾಡಿಚಕ್ರ ಬಿಟ್ಟು ಬೇರೆ ಕೆತ್ತಿದವನಲ್ಲ. ಆದರೂ ನಾಲ್ಕು ದಿನ ಕೂತು ಕೆತ್ತಿದ. ಮದುವೆಗೆಂದು ಅರ್ಜಿ ಹಾಕಿ ಪರ್ಮಿಟ್ಟಿನಲ್ಲಿ ಎಂಟು ಸೇರು ಸಕ್ಕರೆ ತಂದಿದ್ದೆವು. ಅದರಲ್ಲಿ ಎರಡು ಸೇರು ಕರಗಿಸಿ ಹೊಯ್ದೆ. ಪಾಕ ಹೇಗೋ ಗಟ್ಟಿಯಾಯಿತು. ದಾರ ಬಿಚ್ಚಿ ನೋಡಿದರೆ ಬಲಗಡೆ ಗಿಳಿ, ಎಡಗಡೆ ಕೋಳಿ. ಕೊಕ್ಕಿನ ಮೇಲೆ ಜುಟ್ಟು ಬೇರೆ. ಆಚಾರಿಯನ್ನು ಕೇಳಿದರೆ, "ಗಿಳಿ ನೋಡಿ ವರ್ಸ ಆಯ್ತು ಕಣವ್ವ. ಕೋಳಿ ಕಣ್ಮುಂದೇನೇ ಓಡಾಡ್ತಿತ್ತು" ಎಂದ.

ನಾನು ಅದನ್ನು ಮುಚ್ಚಿಡುತ್ತಿದ್ದೆ. ಆದರೆ ನಮ್ಮ ಮನೆಯವರು ಬಲಗಡೆ ಮಾತ್ರ ನೋಡಿ ಸಂತೋಷಪಟ್ಟು, ಒಂದು ಗಿಳಿಯನ್ನು ಎಲೆಯಲ್ಲಿ ಸುತ್ತಿ ಹೊಸಕೋಟೆಗೆ ಮಾದರಿ ಕಳಿಸಿಬಿಟ್ಟರು. ಮೂರನೆಯ ದಿನ ಮುತ್ಯಾಲಮ್ಮನವರ ಕಡೆಯ ಆಳು ಬಂದು ಅಂಗಳದಲ್ಲಿ ನಿಂತು ಅವರ ಮಾತನ್ನು ಒಪ್ಪಿಸಿದ: "ಈ ಕಡೆಯಿಂದ ನೋಡಿದ್ರೆ ಗಿಳಿ, ಆ ಕಡೆಯಿಂದ ನೋಡಿದ್ರೆ ಕೋಳಿ. ನಿಮ್ಮ ಹುಡುಗೀನೂ ಇಂಗೇಯಾ ಅಂತ ಅಜ್ಜಿ ಕೇಳ್ಕಂಬಾ ಅಂದ್ರು."

ನಮ್ಮ ಗಂಗ ಒಳಗೆ ನಿಂತು ಕೇಳಿಸಿಕೊಂಡಳು. ಮೊದಲು ನಕ್ಕಳು, ಆಮೇಲೆ ಕೊಟ್ಟಿಗೆಗೆ ಹೋಗಿ ಅತ್ತಳು. ಸಕ್ಕರೆಯ ತಮಾಷೆ ಹೋಗಿ ಹುಡುಗಿಯ ಮರ್ಯಾದೆಗೆ ಬಂತು. ಈಗಲಾದರೂ ಅರ್ಥವಾಯಿತೇ ನಿನಗೆ? ಎಡಗಡೆಯನ್ನು ಕಳಿಸು.

ವರಲಕ್ಷ್ಮಮ್ಮ, ಹೆಬ್ಬೆಟ್ಟು

(ಜಡೆ ಮಂಡಿಗೆ ಎರಡು ಬೆರಳು ಮೇಲಕ್ಕಿದೆ. ಇದನ್ನು ಗಂಗಲಕ್ಷ್ಮಮ್ಮನೇ ಬಂದು, ಅಮ್ಮ ನೀರಿಗೆ ಹೋದಾಗ ಬರೆಸಿದ್ದು. ಕಾಗದದ ಎರಡನೆಯ ಸಾಲಿನಲ್ಲಿ ಅಮ್ಮನವರು ನಿಮ್ಮ ತವರಿನ ಬಗ್ಗೆ ಹೇಳಿದ ಇನ್ನೂ ಒಂದು ಮಾತು ಇತ್ತು. ನನ್ನ ಲೇಖನಿ ಒಪ್ಪದ ಕಾರಣ ಬಿಟ್ಟಿದ್ದೇನೆ. — ನ.)


ನಲ್ಲೂರು
೧೯೪೬ ಮಾರ್ಚ್ ೧೧

ಅಕ್ಕನವರಿಗೆ,

ನಿಮ್ಮ ಕಾಗದ ಓದಿ ನಾನು ಎಷ್ಟು ನಕ್ಕೆನೆಂದರೆ ನಮ್ಮ ಮನೆಯವರು ಹೊಲದಿಂದ ಓಡಿಬಂದರು. ಅವರಿಗೆ ಓದಿ ಹೇಳಿದೆ, ಅವರೂ ನಕ್ಕರು. ಆಮೇಲೆ "ಅಣ್ಣ ಒಂದ್ ಕಡೆ ನೋಡಿ ಕಳಿಸ್ಬಿಟ್ನಾ? ಎತ್ತು ಕೊಳ್ಳೋವಾಗ್ಲೂ ಅಂಗೇ ಮಾಡ್ತಿದ್ದ" ಎಂದರು. ಹನ್ನೊಂದು ವರ್ಷದಲ್ಲಿ ಅವರು ಈ ಮನೆಯಲ್ಲಿ ಅಣ್ಣ ಎಂದದ್ದು ಇದೇ ಮೊದಲು.

ಕೊಟ್ಟಿಗೆಗೆ ಹೋಗಿ ಅತ್ತಳು ಎಂಬ ಜಾಗ ಓದಿದಾಗ ನನಗೆ ನಗು ಬರಲಿಲ್ಲ. ಮೂರು ವರ್ಷದವಳಿದ್ದಾಗಲೂ ಅವಳು ಅಳುವುದಕ್ಕೆ ಕೊಟ್ಟಿಗೆಗೇ ಹೋಗುತ್ತಿದ್ದಳು.

ಜಾಡಿಯ ಮೇಲಿನ ಆನೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದೆ, ಆದರೂ ಸ್ವಲ್ಪ ಉಪ್ಪಿನಕಾಯಿ ವಾಸನೆ ಇದೆ. ಏಳೂ ಎಡಗಡೆಗಳನ್ನು ಈ ದಿನ ಬೆಳಿಗ್ಗೆ ಗೋಣಿಯಲ್ಲಿ ಕಟ್ಟಿ ಬಸ್ಸಿನವನ ಕೈಯಲ್ಲಿ ಕೊಟ್ಟಾಯಿತು. ಇದ್ದಿಲು ಸುಟ್ಟು ಓಡುವ ಬಸ್ಸು, ಯಾವಾಗ ತಲುಪುತ್ತದೋ ದೇವರೇ ಬಲ್ಲ. ನೀವೇ ಮಾಡಿ. ಯಾರು ಮಾಡಿದರೇನು, ಹುಡುಗಿಗೆ ಮಾತು ಬರಬಾರದು.

ಅಕ್ಕಯಮ್ಮ


ಮಧುರೆ
೧೯೪೬ ಮಾರ್ಚ್ ೧೧

ನಲ್ಲೂರಿನವಳೇ,

ನಿನ್ನಿಂದ ಉತ್ತರ ಬರುವುದು ಕಾಣೆ. ನೀನು ಹಟದಲ್ಲಿ ಅತ್ತೆಯ ಸೊಸೆಯೇ ಹೌದು, ನಾನೂ ಹೌದು. ಆದರೆ ನನಗೆ ಮಗಳ ಮದುವೆ ಇದೆ, ನಿನಗೆ ಇಲ್ಲ, ಆದ್ದರಿಂದ ಸೋಲುವವಳು ನಾನೇ.

ನನ್ನ ಬಲಗಡೆಗಳು ಏಳೂ ಈ ದಿನ ಹೊರಟವು. ದೇವನಹಳ್ಳಿಯ ಸಂತೆಗೆ ಹೊರಟ ಗಾಡಿಯಲ್ಲಿ, ಎಳ್ಳಿನ ಮೂಟೆಗಳ ನಡುವೆ ಇಟ್ಟು ಕಳಿಸಿದ್ದೇನೆ. ಸಕ್ಕರೆ ಆಮೇಲೆ ಬರುತ್ತದೆ. ನೀನೇ ಮಾಡು. ಎರಡು ಕಡೆಯೂ ಗಿಳಿಯೇ ಆಗಿರಲಿ, ಅಷ್ಟೇ ನಾನು ಕೇಳುವುದು.

ವರಲಕ್ಷ್ಮಮ್ಮ, ಹೆಬ್ಬೆಟ್ಟು

(ಅಮ್ಮನವರು ಇದಕ್ಕಿಂತ ಹೆಚ್ಚು ಹೇಳಲಿಲ್ಲ. ಗಂಟು ಕಟ್ಟುವಾಗ ಗಿಳಿಯನ್ನು ಮಾತ್ರ ತಮ್ಮ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಬೇರೆ ಸುತ್ತಿದರು. — ನ.)


ನಲ್ಲೂರು
೧೯೪೬ ಮಾರ್ಚ್ ೧೯

ಅಕ್ಕಾ,

ನಿಮ್ಮ ಬಲಗಡೆಗಳು ಬಂದವು. ನನ್ನ ಎಡಗಡೆಗಳು ನಿಮಗೆ ತಲುಪಿರಬೇಕು.

ಇನ್ನು ಏನು ಬರೆಯಲಿ? ನಿನ್ನೆ ಗಂಟು ಬಿಚ್ಚಿ, ಏಳನ್ನೂ ಎದುರಿಗೆ ಇಟ್ಟುಕೊಂಡಿದ್ದೆ. ನಮ್ಮ ಮನೆಯವರು ಬಂದು ನೋಡಿ, "ಇದೇನೇ ಇದು, ಮತ್ತೆ ಪಾಲಾಯ್ತಾ? ಈ ಸಲ ಎಡ ಬಲ ಅದಲುಬದಲು. ಅಪ್ಪಯ್ಯಣ್ಣನೂ ಇಲ್ದೆ ನೀವೇ ಮಾಡ್ಕಂಡ್ರಲ್ಲ" ಎಂದರು. ನಾನು ಅವರಿಗೆ ಆ ಹೊತ್ತು ಅನ್ನ ಬಡಿಸಲಿಲ್ಲ, ಅವರೇ ಬಡಿಸಿಕೊಂಡರು.

ಈಗ ಯಾರೂ ಏನನ್ನೂ ಕಳಿಸಬಾರದು. ನೀವು ಕಳಿಸಿದರೆ ನಾನು ಕಳಿಸಬಾರದು, ನಾನು ಕಳಿಸಿದರೆ ನೀವು ಕಳಿಸಬಾರದು. ಯಾರು ಕಳಿಸುವುದು ಎಂಬುದನ್ನು ಮೊದಲು ನೀವೇ ತೀರ್ಮಾನಿಸಿ ಬರೆಸಿ. ದೊಡ್ಡವರು ನೀವು.

ನಿಮ್ಮ ಅಚ್ಚಿನ ತುಂಬ ಎಳ್ಳು ಸಿಕ್ಕಿಕೊಂಡಿದೆ. ಕಡ್ಡಿಯಲ್ಲಿ ಒಂದೊಂದೇ ತೆಗೆಯುತ್ತಿದ್ದೇನೆ. ಗಿಳಿಯಲ್ಲಿ ಒಂದೂ ಇಲ್ಲ.

ಅಕ್ಕಯಮ್ಮ


ಮಧುರೆ
೧೯೪೬ ಮಾರ್ಚ್ ೨೮

ನಲ್ಲೂರಿನ ನಮ್ಮ ಮನೆಯವಳಿಗೆ,

ನಿನ್ನ ಎಡಗಡೆಗಳು ತಲುಪಿ ಹತ್ತು ದಿನವಾಯಿತು. ಆನೆಯಿಂದ ಮನೆಯೆಲ್ಲ ಮಾವಿನಕಾಯಿ ವಾಸನೆ. ಅದಲುಬದಲಾದ ಸುದ್ದಿ ಊರಿಗೆಲ್ಲ ತಿಳಿದು, ಬಾವಿಯ ಹತ್ತಿರ ಹೋದರೆ "ಯಾವ ಕಡೆಯಿಂದ ಬಂದ್ರಿ ಅಮ್ಮ, ಎಡದಿಂದಲೋ ಬಲದಿಂದಲೋ" ಎಂದು ಕೇಳುತ್ತಾರೆ.

ಯಾರು ಕಳಿಸಬೇಕು ಎಂದು ನನಗೇ ತೀರ್ಮಾನಿಸಲು ಹೇಳಿದ್ದೀಯೆ. ನಾನು ತೀರ್ಮಾನಿಸಿದ್ದೇನೆ. ನೀನು ಕಳಿಸು. ಇಲ್ಲಿಯೇ ಮಾಡುತ್ತೇವೆ, ಸಕ್ಕರೆ ಇಲ್ಲಿಯೇ ಇದೆ, ಅಷ್ಟು ದೂರ ಸಾಗಿಸಿದರೆ

(ಅಮ್ಮನವರು ಹಾಲು ಉಕ್ಕಿತೆಂದು ಎದ್ದು ಹೋಗಿದ್ದಾರೆ. ಅವರು ಬರುವುದರೊಳಗೆ ನಾನು ಬರೆಯುವುದನ್ನು ತಾವು ನಂಬಬೇಕು. ಸಕ್ಕರೆ ಇಲ್ಲಿಯೇ ಇದೆ ಎಂದದ್ದು ಪೂರ್ತಿ ನಿಜವಲ್ಲ. ಕೋಳಿಗೆ ಎರಡು ಸೇರು ಹೋದದ್ದು ತಮಗೆ ಗೊತ್ತು. ಆಮೇಲೆ ಅಮ್ಮನವರು ಪಾಕ ಹದ ಮಾಡಿಕೊಳ್ಳಲು ಎರಡು ಸಲ ಕದ್ದು ಪ್ರಯತ್ನ ಮಾಡಿದರು. ಒಂದು ಸಲ ಪಾತ್ರೆಯಲ್ಲೇ ಹರಳುಗಟ್ಟಿ ಸುತ್ತಿಗೆಯಿಂದ ಒಡೆಯಬೇಕಾಯಿತು. ಇನ್ನೊಂದು ಸಲ ಗಟ್ಟಿಯಾಗಲೇ ಇಲ್ಲ, ಶಾಲೆಯ ಮಕ್ಕಳಿಗೆ ಪಾನಕ ಆಯಿತು, ನಾನೂ ಒಂದು ಲೋಟ ಕುಡಿದೆ. ಈಗ ಉಳಿದಿರುವುದು ನಾಲ್ಕೇ ಸೇರು. ಅದು ಒಂದು ಸಲಕ್ಕೆ ಸರಿಯಾಗಿ ಸಾಕು, ಎರಡನೆಯ ಸಲಕ್ಕೆ ಇಲ್ಲ, ಬೇರೆ ಸಕ್ಕರೆ ಸಿಗುವುದೂ ಇಲ್ಲ. ನಿನ್ನೆ ಅಮ್ಮನವರು ಒಲೆಯ ಮುಂದೆ ಕೂತು, "ಅವಳ ಕೈಯಾಗೆ ಪಾಕ ಹೂವಿನಂಗೆ ಬರ್ತಿತ್ತು ಮೇಷ್ಟ್ರೇ. ನಂಗೆ ಅಚ್ಚು ಬಿಡಿಸಾಕೆ ಬರ್ತದೆ, ಪಾಕ ಬರಾಕಿಲ್ಲ. ಅತ್ತೆ ಇಬ್ರಿಗೂ ಅರ್ಧರ್ಧವೇ ಕಲ್ಸಿದ್ರು" ಎಂದರು. ಇದನ್ನು ಬರೆಯಲೇ ಎಂದು ಕೇಳಿದೆ. ಬರೆದರೆ ಕೈ ಮುರಿಯುತ್ತೇನೆ ಎಂದರು. ಬರುತ್ತಿದ್ದಾರೆ.)

ಅಷ್ಟು ದೂರ ಸಾಗಿಸಿದರೆ ಗಿಳಿಗಳು ಮುರಿಯುತ್ತವೆ.

ಇಲ್ಲಿಯವರೆಗೆ ಬರೆದದ್ದನ್ನು ಮೇಷ್ಟ್ರಿಂದ ಓದಿಸಿ ಕೇಳಿದೆ. ಸರಿಯಾಗಿದೆ ಅನ್ನಿಸಿತು. ಆದರೆ ಹೇಳಿದ್ದಕ್ಕಿಂತ ಕಾಗದ ತುಂಬ ಉದ್ದವಾಗಿ ಕಾಣುತ್ತದೆ. ನನಗೆ ಓದಲು ಬರುವುದಿಲ್ಲ, ಉದ್ದ ಅಳೆಯಲು ಬರುತ್ತದೆ. ಮೇಷ್ಟ್ರು ಏನು ಸೇರಿಸಿದ್ದಾರೋ ಅದು ಇರಲಿ, ಹೊಡೆದುಹಾಕಲು ನಾನು ಹೇಳಲಿಲ್ಲ.

ಇನ್ನು ಮುಂದಿನದು ನಾನೇ ಹೇಳಿ ಬರೆಸುವುದು. ನಿಮ್ಮ ಗಾಡಿ ಹೊರಟ ದಿನ ಆರು ವರ್ಷದ ಗಂಗ ನಿನ್ನ ಸೆರಗು ಬಿಡಲಿಲ್ಲ. ನಾನು ಅವಳ ಕೈ ಕಿತ್ತು ಒಳಗೆ ಎಳೆದುಕೊಂಡು, "ಹೆತ್ತೋಳು ನಾನು. ನಿನ್ನ ಮಡ್ಲಲ್ಲಿ ಇಲ್ದಿದ್ದು ನನ್ನ ಮಡ್ಲಿಂದ ಕಿತ್ಕಬೇಡ" ಎಂದೆ. ಬೀದಿಯೆಲ್ಲ ಕೇಳಿತು. ನೀನು ತಿರುಗಿ ಏನೂ ಅನ್ನಲಿಲ್ಲ, ಗಾಡಿ ಹತ್ತಿದೆ.

ಹೆತ್ತವಳು ನಾನು ಎಂಬುದು ಸುಳ್ಳಲ್ಲ. ಆದರೆ ಅವಳಿಗೆ ಜ್ವರ ಬಂದಾಗಲೆಲ್ಲ, ಈ ವರ್ಷದ ಜ್ವರದಲ್ಲೂ, ಕನವರಿಸಿದ್ದು ಚಿಕ್ಕಮ್ಮ ಎಂದೇ. ನಾನು ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಅದು ನನಗೆ ತಕ್ಕ ಶಾಸ್ತಿ ಎಂದುಕೊಂಡೆ. ನಿನಗೆ ಹೇಳಬೇಕೆಂದು ಪ್ರತಿ ಸಂಕ್ರಾಂತಿಗೂ ಅನ್ನಿಸುತ್ತಿತ್ತು. ಎಳ್ಳು ಬೀರುವಾಗ ಎಲ್ಲರ ತಟ್ಟೆಯಲ್ಲೂ ಅಚ್ಚು ಇರುತ್ತಿತ್ತು, ನನ್ನ ತಟ್ಟೆಯಲ್ಲಿ ಇರುತ್ತಿರಲಿಲ್ಲ. ನಿನ್ನ ತಟ್ಟೆಯಲ್ಲೂ ಇರಲಿಕ್ಕಿಲ್ಲ ಎಂದು ನೆನೆದು ಸುಮ್ಮನಾಗುತ್ತಿದ್ದೆ.

ಅಂದು ನಾನು ಆಡಿದ್ದು ತಪ್ಪು ಮಾತು. ಅಚ್ಚು ಕಳಿಸಬೇಡ. ಅಚ್ಚು ಹಿಡಿದುಕೊಂಡು ನೀನು ಬಾ.

ವರಲಕ್ಷ್ಮಮ್ಮ
(ಹೆಬ್ಬೆಟ್ಟಿನ ಗುರುತು ಅಂಟಂಟಾಗಿದ್ದರೆ ಅದು ಮಸಿಯ ದೋಷವಲ್ಲ, ಪಾಕ. — ನ.)


ನಲ್ಲೂರು
೧೯೪೬ ಏಪ್ರಿಲ್ ೪, ಹೊಸತೊಡಕು

ಅಕ್ಕಾ,

ಉಳಿದಿರುವ ನಾಲ್ಕು ಸೇರಿಗೆ ಕೈ ಹಾಕಬೇಡಿ. ವ್ಯಯ ಸಂವತ್ಸರ ನಿನ್ನೆ ಹುಟ್ಟಿದೆ, ಸಕ್ಕರೆಯ ವ್ಯಯ ಅದಕ್ಕಿಂತ ಮುಂಚೆಯೇ ಸಾಕಷ್ಟು ಆಗಿದೆ. ಡಬ್ಬದ ಮುಚ್ಚಳಕ್ಕೆ ಬಟ್ಟೆ ಕಟ್ಟಿ ಗಂಗನ ಕೈಗೆ ಕೊಡಿ. ಭಾವನವರಿಗೆ ತೋರಿಸಬೇಡಿ, ಎಲ್ಲಿಗಾದರೂ ಮಾದರಿ ಕಳಿಸಿಯಾರು.

ಮದುವೆಗೆ ಎಂಟು ದಿನ ಮುಂಚೆ ನಾವಿಬ್ಬರೂ ಬರುತ್ತೇವೆ. ನಿಮ್ಮ ಮೈದುನರು ಮೊದಲು ಬರುವುದಿಲ್ಲ ಎಂದರು. ಆಮೇಲೆ ಚಪ್ಪರಕ್ಕೆ ಅಣ್ಣ ಯಾವ ಗಳ ಹಾಕುತ್ತಾನೋ, ಒಂದು ಕಡೆ ನೋಡಿ ಇನ್ನೊಂದು ಕಡೆ ಬಿಟ್ಟುಬಿಡುತ್ತಾನೆ ಎಂದು ಚಿಂತೆ ಹಚ್ಚಿಕೊಂಡು ಈಗ ನನಗಿಂತ ಮೊದಲು ಹೊರಟು ನಿಂತಿದ್ದಾರೆ.

ನಾನು ಬರುವ ಹಿಂದಿನ ರಾತ್ರಿ ನಿಮ್ಮ ಹತ್ತಿರ ಇರುವ ನನ್ನ ಎಡಗಡೆಗಳನ್ನು ತಣ್ಣೀರಿನಲ್ಲಿ ನೆನೆಹಾಕಿರಿ. ಮರ ಒಣಗಿದ್ದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ, ಬಿಡಿಸುವಾಗ ಗಿಳಿಯ ಮೂಗು ಹೋಗುತ್ತದೆ. ನನ್ನ ಹತ್ತಿರ ಇರುವ ನಿಮ್ಮ ಬಲಗಡೆಗಳನ್ನು ನಾನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತೇನೆ. ಹಾಲು, ನಿಂಬೆಹಣ್ಣು, ಒಂದು ಹೊಸ ಬಿಳಿ ಬಟ್ಟೆ ಇಟ್ಟಿರಿ. ಪಾಕ ನನ್ನದು, ಬಿಡಿಸುವುದು ನಿಮ್ಮದು.

ನಿಮ್ಮ ಕಾಗದದ ಕೊನೆಯ ಭಾಗವನ್ನು ನಮ್ಮ ಮನೆಯವರಿಗೆ ಓದಿ ಹೇಳಲಿಲ್ಲ. ಅದು ನನ್ನ ಪೆಟ್ಟಿಗೆಯಲ್ಲಿ ಗಿಳಿ ಇದ್ದ ಜಾಗದಲ್ಲಿದೆ. ಆ ದಿನ ನಾನು ತಿರುಗಿ ಮಾತಾಡದೆ ಹೋದದ್ದು ದೊಡ್ಡತನದಿಂದಲ್ಲ ಅಕ್ಕ, ಬಾಯಿ ಬಿಟ್ಟರೆ ಅಳು ಬರುತ್ತಿತ್ತು. ಯುಗಾದಿಯ ಬೇವನ್ನು ಹನ್ನೊಂದು ವರ್ಷಕ್ಕೆ ಸಾಕಾಗುವಷ್ಟು ತಿಂದೆವು, ಬೆಲ್ಲ ಉಳಿದಿದೆ.

ಮೇಷ್ಟ್ರ ಕೈ ಮುರಿಯಬೇಡಿ. ಅವರಿಗೆ ಎರಡು ಗಿಳಿ ನನ್ನ ಲೆಕ್ಕದಲ್ಲಿ.

ನಿಮ್ಮ
ಅಕ್ಕಯಮ್ಮ


ನಲ್ಲೂರು
೧೯೪೬ ಮೇ ೨೨

ಅಕ್ಕಾ,

ನಾವು ಸುಖವಾಗಿ ಮನೆ ಸೇರಿದೆವು. ಬಸ್ಸು ಎರಡು ಕಡೆ ನಿಂತಿತು, ಎಲ್ಲರೂ ಇಳಿದು ತಳ್ಳಿದೆವು. ಈಗಲೂ ನನ್ನ ಬಟ್ಟೆಯಲ್ಲಿ ಪಾಕದ ವಾಸನೆ, ಇವರ ಬಟ್ಟೆಯಲ್ಲಿ ಇದ್ದಿಲ ವಾಸನೆ.

ಮುತ್ಯಾಲಮ್ಮನವರ ಮುಖ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮಗೂ ಇರುತ್ತದೆ, ಆದರೂ ಬರೆಯುತ್ತೇನೆ, ಬರೆದರೆ ಇನ್ನೊಂದು ಸಲ ನೋಡಿದ ಹಾಗೆ. ತಾಂಬೂಲ ತೆಗೆದುಕೊಂಡರು. ವೀಳ್ಯದೆಲೆಯ ಮೇಲಿದ್ದ ಗಿಳಿಯನ್ನು ಬಿಸಿಲಿಗೆ ಹಿಡಿದರು. ಬಲಗಡೆ ನೋಡಿದರು, ಎಡಗಡೆ ನೋಡಿದರು, ಮತ್ತೆ ಬಲಗಡೆ ನೋಡಿದರು. ನೀವು ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಿರೆಂದರೆ ಬಳೆ ಒಡೆಯಿತು. ಕಡೆಗೆ ಅಜ್ಜಿ "ಎರಡು ಕಡೇನೂ ಗಿಳೀನೇ ಕಣವ್ವ" ಎಂದರು. ಎದುರಿಗೆ ಕೂತಿದ್ದ ಗಂಗನನ್ನೂ ಹಾಗೆಯೇ ಗಲ್ಲ ಹಿಡಿದು ಎರಡು ಕಡೆ ತಿರುಗಿಸಿ ನೋಡಿ, "ಇವ್ಳೂ ಅಂಗೇಯ" ಎಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಅವರು ಮುತ್ಯಾಲಮ್ಮನೇ ಅಲ್ಲ. "ಆ ಕೋಳೀದು ಇನ್ನೂ ಉಳ್ದಿದ್ರೆ ನಾಕು ಕೊಡಿ. ಮನೇಲಿ ಹುಡುಗ್ರು ಅದುನ್ನೇ ಕೇಳ್ತವೆ" ಎಂದಾಗ ಭಾವನವರು ಒಳಗೆ ಓಡಿದ್ದನ್ನು ನೆನೆದು ನಮ್ಮ ಮನೆಯವರು ಬಸ್ಸಿನಲ್ಲಿ ಒಬ್ಬರೇ ನಗುತ್ತಿದ್ದರು. ಆಚಾರಿ ಈಗ ಊರೆಲ್ಲ ತನ್ನ ಕೋಳಿಯ ಬಡಾಯಿ ಕೊಚ್ಚುತ್ತ ತಿರುಗುತ್ತಿರಬೇಕು.

ಇಷ್ಟು ಚೆನ್ನಾಗಿ ಮಾಡಿದವರು ಯಾರು ಎಂದು ಅಜ್ಜಿ ಕೇಳಿದಾಗ ನೀವು ನನ್ನನ್ನು ತೋರಿಸಿದಿರಿ, ನಾನು ನಿಮ್ಮನ್ನು ತೋರಿಸಿದೆ. "ಒಬ್ರೂ ಒಪ್ಕಳಾಕಿಲ್ಲ ಅಂದ್ರೆ ಕದ್ದು ತಂದಿರ್ಬೇಕು" ಎಂದರು.

ಗಂಗ ಗಾಡಿ ಹತ್ತುವಾಗ ಒಂದು ಕೈಯಲ್ಲಿ ನಿಮ್ಮ ಸೆರಗು, ಇನ್ನೊಂದು ಕೈಯಲ್ಲಿ ನನ್ನ ಸೆರಗು ಹಿಡಿದಿದ್ದಳು. ಈ ಸಲ ನೀವು ಕೈ ಬಿಡಿಸಲಿಲ್ಲ. ಅವಳೇ ಬಿಟ್ಟಳು. ಅದನ್ನು ನೋಡಲು ಬದುಕಿದ್ದೆನಲ್ಲ, ಅಷ್ಟು ಸಾಕು ನನಗೆ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಮನೆಗೆ ಬಂದು ಗಂಟು ಬಿಚ್ಚಿದರೆ ಅದರಲ್ಲಿ ಏಳು ಎಡ, ಏಳು ಬಲ, ಹದಿನಾಲ್ಕೂ ಇವೆ. ಚಕ್ಕುಲಿಯ ಅಡಿಯಲ್ಲಿ ಮುಚ್ಚಿಟ್ಟು ಕಳಿಸಿದ್ದೀರಿ. ಪಾಕ ಬರುವವಳ ಹತ್ತಿರ ಅಚ್ಚು ಇರಲಿ ಎಂದು ನೀವು ಗಂಗನಿಗೆ ಹೇಳಿದ್ದನ್ನು ಅವಳು ಹೋಗುವ ಮುಂಚೆಯೇ ನನಗೆ ಹೇಳಿಬಿಟ್ಟಳು. ಆದರೂ ನೀವು ಇಷ್ಟು ಬೇಗ ಮಾಡುತ್ತೀರೆಂದು ತಿಳಿಯಲಿಲ್ಲ. ಬಲಗಡೆಗಳನ್ನು ಈ ಕಾಗದದ ಜೊತೆಯಲ್ಲೇ ವಾಪಸು ಕಳಿಸಿದ್ದೇನೆ. ಎಲ್ಲವೂ ನನ್ನ ಅಟ್ಟದ ಮೇಲಿದ್ದರೆ ನಾನು ಇಲ್ಲೇ ಕೂತು ಅಚ್ಚು ಹೊಯ್ದುಕೊಂಡು ಇಲ್ಲೇ ತಿನ್ನುತ್ತೇನೆ. ಅದಕ್ಕೆ ಮಧುರೆ ಯಾಕೆ ಬೇಕು? ಅಪ್ಪಯ್ಯಣ್ಣನವರು ಹಸಿವಿನಲ್ಲಿ ಮಾಡಿದರೂ ಸರಿಯಾಗಿಯೇ ಹಂಚಿದ್ದಾರೆ. ಅದು ಹಾಗೆಯೇ ಇರಲಿ.

ನೀವು ಮತ್ತೆ ಕಳಿಸಿದರೆ ನಾನೂ ಮತ್ತೆ ಕಳಿಸುತ್ತೇನೆ. ಬಸ್ಸಿನವನು ಈಗಲೇ "ಏನಮ್ಮಾ, ಈ ಮರದ ತುಂಡಿಗೆ ಪಾಸ್ ಮಾಡಿಸ್ಲಾ" ಎನ್ನುತ್ತಿದ್ದಾನೆ.

ನಿಮ್ಮ ಎಡಗಡೆ,
ಅಕ್ಕಯಮ್ಮ


ಮಧುರೆ
೧೯೪೭ ಜನವರಿ ೫

ಸಣ್ಣೀ,

ನಿನ್ನನ್ನು ಈ ಮನೆಯಲ್ಲಿ ಹಾಗೆ ಕರೆಯುತ್ತಿದ್ದೆ, ನಿನಗೆ ನೆನಪಿರಬಹುದು. ಮೇಷ್ಟ್ರಿಗೆ ಇವತ್ತು ಗೊತ್ತಾಯಿತು. ಇಷ್ಟು ಸುಲಭದ ಹೆಸರಿದ್ದರೆ ಹೋದ ವರ್ಷವೆಲ್ಲ ವಿಳಾಸಕ್ಕೆ ನನ್ನನ್ನು ಯಾಕೆ ಗೋಳು ಹೊಯ್ದುಕೊಂಡಿರಿ ಎಂದು ಕೇಳುತ್ತಿದ್ದಾರೆ.

ಗಂಗ ಮೊದಲ ಸಂಕ್ರಾಂತಿಗೆ ಬರುತ್ತಿದ್ದಾಳೆ, ಅಳಿಯನೂ ಬರುತ್ತಾನೆ. ಅವನು ಈಗ ನಾಲ್ಕೈದು ಮಾತಾಡುತ್ತಾನಂತೆ. ಮುತ್ಯಾಲಮ್ಮನವರೂ ಬರುತ್ತೇನೆ ಎಂದು ಹೇಳಿಕಳಿಸಿದ್ದಾರೆ. ನೀನೂ ನಾನೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಬೆಲ್ಲ ಬೇಕಾದಷ್ಟಿದೆ, ಸಕ್ಕರೆ ಎರಡು ಸೇರು ಕೂಡಿಟ್ಟಿದ್ದೇನೆ, ಒಂದು ಚಮಚವನ್ನೂ ಮುಟ್ಟಿಲ್ಲ. ಆಣೆ ಮಾಡಬೇಕಾದರೆ ಮಾಡುತ್ತೇನೆ.

ನನ್ನ ಬಲಗಡೆಗಳನ್ನು ಹಂಡೆಯ ನೀರಿನಲ್ಲಿ ನೆನೆಹಾಕಿದ್ದೇನೆ. ಒಂದು ರಾತ್ರಿ ಸಾಕು ಎಂದು ನನಗೆ ಗೊತ್ತು, ಹಬ್ಬಕ್ಕೆ ಇನ್ನೂ ಒಂಬತ್ತು ದಿನ ಇದೆ ಎಂಬುದೂ ಗೊತ್ತು. ಆದರೂ ನಿನ್ನೆಯೇ ಹಾಕಿಬಿಟ್ಟೆ. ಅಷ್ಟು ದಿನ ನೀರಿನಲ್ಲಿ ಬಿದ್ದಿದ್ದರೆ ಮರ ಕೊಳೆಯುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದಾರೆ.

ಅದಕ್ಕೇ ಬೇಗ ಬಾ.

ನಿನ್ನ ಬಲಗಡೆ,
ವರಲಕ್ಷ್ಮಮ್ಮ, ಹೆಬ್ಬೆಟ್ಟು